ಡೊರೊತಿಯಾ ಲ್ಯಾಂಗ್ ಲೇಖನ ವಾಪಸು ಕಳಿಸುತ್ತಾ

ಪ್ರಿಯರೇ,

ಬಡ ಕೂಲಿಕಾರರ ಚಿತ್ರ ತೆಗೆದ ಅಮೆರಿಕದ ಛಾಯಾಗ್ರಾಹಕಿ ಡೊರೊತಿಯಾ ಲ್ಯಾಂಗ್ ಬಗ್ಗೆ ನೀವು ಸಿಂಧನೂರಿನಿಂದ ಕಳಿಸಿದ ಲೇಖನ ಓದಿದೆ. ಭಾಷೆ ಚೆನ್ನಾಗಿದೆ, ಶ್ರಮವೂ ಕಾಣುತ್ತದೆ. ಏಳನೇ ವಯಸ್ಸಿಗೆ ಪೋಲಿಯೊ ಬಂದು ಬಲಗಾಲು ಕುಂಟಾಗಿದ್ದು, ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಸಿರಿವಂತರ ಫೋಟೊ ತೆಗೆಯುವುದು ಬಿಟ್ಟು ಬೀದಿಗಿಳಿದದ್ದು ಎಲ್ಲ ಸರಿ ಇದೆ. ಅದರ ತಂಟೆಗೆ ಬರುವುದಿಲ್ಲ. ಅವರ ಹೆಸರಾಂತ "ಮೈಗ್ರಂಟ್ ಮದರ್" (ಗುಳೆ ಹೋದ ತಾಯಿ) ಚಿತ್ರದ ಬಗ್ಗೆ ಬರೆದ ಮೂರನೇ ಪುಟ ಮಾತ್ರ ತಲೆ ಕೆಡಿಸಿತು.

ಅಲ್ಲಿ ಬರೆದಿದ್ದೀರಿ: "ಧೂಳಿನ ಬಿರುಗಾಳಿಗೆ ಮನೆಮಾರು ಕಳಕೊಂಡು ಓಡಿಬಂದ ಆ ಅಮಾಯಕ ತಾಯಿಯ ಕಣ್ಣಲ್ಲಿ ಹಸಿವಿನ ಕಡಲೇ ಉಕ್ಕುತ್ತಿತ್ತು. ಲ್ಯಾಂಗ್ ತಟ್ಟನೆ ಕ್ಲಿಕ್ಕಿಸಿದಳು."

"ಓಡಿಬಂದ" ತಪ್ಪು. ಆ ತಾಯಿ ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್, ಒಕ್ಲಹೋಮದವರು. 1930ರ ದಶಕದ ಆ ಧೂಳಿನ ಬಿರುಗಾಳಿ ಏಳುವುದಕ್ಕೆ ಎಷ್ಟೋ ಮುಂಚೆ, 1920ರ ದಶಕದಲ್ಲೇ ಕ್ಯಾಲಿಫೋರ್ನಿಯಾಕ್ಕೆ ಬಂದವರು. 1936ರ ಮಾರ್ಚ್‌ನಲ್ಲಿ ಬೀಟ್ ಹೊಲದ ಕೂಲಿ ಮುಗಿಸಿ ವಾಟ್ಸನ್‌ವಿಲ್ ಕಡೆ ಹೊರಟಾಗ ನಿಪೋಮೊ ಹತ್ತಿರ ಕಾರು ಕೆಟ್ಟಿತು. ಅಲ್ಲಿ ಬಟಾಣಿ ಬೆಳೆ ಚಳಿಗೆ ಹಾಳಾಗಿ, ಬಿಡಿಸಲು ಬಂದವರೆಲ್ಲ ಕೆಲಸವಿಲ್ಲದೆ ಕೂತಿದ್ದರು. ಥಾಂಪ್ಸನ್ ಹತ್ತಿ ಬಿಡಿಸಿಯೂ ಮಕ್ಕಳನ್ನು ಸಾಕಿದವರು. ಗುಳೆ ಹೋಗುವವರ ನಡುವೆ ಬೆಳೆದ ನಿಮಗೆ ಇದನ್ನು ನಾನು ಹೇಳಬೇಕೇ? ಯಾವ ಸುಗ್ಗಿಗೆ ಯಾವ ಊರು, ಮೇಸ್ತ್ರಿ ಕೊಟ್ಟ ಮುಂಗಡ ಎಷ್ಟು, ಹಬ್ಬಕ್ಕೆ ವಾಪಸು ಯಾವಾಗ, ಎಲ್ಲ ಲೆಕ್ಕ ಹಾಕಿಯೇ ಜನ ಹೊರಡುತ್ತಾರೆ. ಅಂಥವರನ್ನು "ಅಮಾಯಕ" ಅನ್ನಲು ನಿಮಗೆ ಮನಸ್ಸಾದರೂ ಹೇಗೆ ಬಂತು?

"ತಟ್ಟನೆ ಕ್ಲಿಕ್ಕಿಸಿದಳು" ಓದಿ ಸಿಟ್ಟೇ ಬಂತು. ಲ್ಯಾಂಗ್ ಕೈಲಿದ್ದದ್ದು ಗ್ರಾಫ್ಲೆಕ್ಸ್ ಕ್ಯಾಮೆರಾ, ಹೊರಲಾರದ ಪೆಟ್ಟಿಗೆ. ಮೇಲಿನ ಕೊಳವೆಯೊಳಗೆ ತಲೆ ಬಗ್ಗಿಸಿ ಫೋಕಸ್ ಮಾಡಬೇಕು. ಫಿಲ್ಮ್ 4x5 ಇಂಚಿನ ಬಿಡಿ ಹಾಳೆ. ಒಂದು ತೆಗೆದ ಮೇಲೆ ಹಾಳೆ ಬದಲಿಸಿ, ಶಟರಿನ ಪರದೆ ಮತ್ತೆ ಸುತ್ತಿ, ಕನ್ನಡಿ ಕೆಳಗಿಳಿಸಿದರೇ ಇನ್ನೊಂದು. ಹೀಗೆ ಐದಾರು ಚಿತ್ರ ತೆಗೆದಿದ್ದಾರೆ, ಮೊದಲು ದೂರದಿಂದ ಇಡೀ ಡೇರೆ, ಆಮೇಲೆ ಹತ್ತಿರ, ಇನ್ನೂ ಹತ್ತಿರ. ಜಗತ್ತು ಕಂಡದ್ದು ಕೊನೆಕೊನೆಗೆ ಬಂದ ಒಂದನ್ನು. ಅದರ ಬಲಮೂಲೆಯಲ್ಲಿ ಡೇರೆಯ ಕಂಬ ಹಿಡಿದ ಹೆಬ್ಬೆರಳೊಂದಿತ್ತು. ಅದು ಕಣ್ಣಿಗೆ ಚುಚ್ಚುತ್ತದೆಂದು ಲ್ಯಾಂಗ್ ಆಮೇಲೆ ನೆಗೆಟಿವ್‌ನಲ್ಲೇ ಅಳಿಸಿದರು. ಲ್ಯಾಂಗ್ ಆಗ ಸರಕಾರದ ಸಂಬಳದ ಛಾಯಾಗ್ರಾಹಕಿ; ಸರಕಾರಿ ದಾಖಲೆಯನ್ನು ತಿದ್ದಿದರೆಂದು ಅವರ ಮೇಲಧಿಕಾರಿ ರಾಯ್ ಸ್ಟ್ರೈಕರ್‌ಗೆ ಅದು ಸರಿ ಬರಲಿಲ್ಲ. ಇಂಥದ್ದನ್ನು ಬಿಟ್ಟು ಕಡಲು ಉಕ್ಕಿಸಿದ್ದೀರಿ.

ಇನ್ನೊಂದು, ಕ್ಯಾಪ್ಷನ್. ರಾಯಚೂರಿನ ಡೆಸ್ಕಿನಲ್ಲಿ ನಾನು ಕೆಲಸ ಕಲಿಯುವಾಗ ಬರದ ಫೋಟೊಕ್ಕೆ "ಹನಿ ನೀರಿಗೂ ಹಾಹಾಕಾರ" ಅಂತ ಬರೆದವರಿಗೆ ಹಿರಿಯರು ಹಾಳೆ ತಿರುಗಿ ಎಸೆಯುತ್ತಿದ್ದರು. ಯಾವ ಊರು, ಕೊಡ ಹೊತ್ತವರು ಯಾರು, ಬೋರ್ ಕೆಟ್ಟು ಎಷ್ಟು ದಿನ, ನೀರು ಎಷ್ಟು ದೂರ? ಇವು ಸಿಗದಿದ್ದರೆ ಫೋಟೊ ಪುಟಕ್ಕೆ ಹೋಗುತ್ತಿರಲಿಲ್ಲ. ಲ್ಯಾಂಗ್ ಕೂಡ ಈ ವಿಷಯದಲ್ಲಿ ಖಡಕ್. ಜನರಾಡಿದ ಮಾತು, ಕೂಲಿ ದರ, ಎಲ್ಲಿಂದ ಎಲ್ಲಿಗೆ, ಎಲ್ಲವನ್ನೂ ಬರೆದಿಡುತ್ತಿದ್ದರು. ನಿಪೋಮೊದಲ್ಲಿ ಮಾತ್ರ ವಯಸ್ಸು 32, ಮಕ್ಕಳು ಏಳು ಎಂದು ಬರೆದುಕೊಂಡು ಹೆಸರೇ ಕೇಳಲಿಲ್ಲ. ಹೆಸರು ಹೊರಬಿದ್ದದ್ದು 1978ರಲ್ಲಿ. ಕಾರಿನ ಟೈರು ಮಾರಿ ಉಂಡರೆಂಬ ಕತೆ ಸುಳ್ಳೆಂದು ಆ ಮನೆಯವರೇ ಹೇಳಿದ್ದಾರೆ. ನೀವು ಟೈರು ಮಾರಿಸಿದ್ದೀರಿ, ಹೆಸರು ಹಾಕಿಲ್ಲ.

"ಆ ಚಿತ್ರ ಬದುಕನ್ನೇ ಬದಲಿಸಿತು" ಅಂದಿದ್ದೀರಲ್ಲ, ಯಾರದ್ದು? ಪತ್ರಿಕೆಯಲ್ಲಿ ಸುದ್ದಿ ಬಂದಮೇಲೆ ಆ ಬಿಡಾರಕ್ಕೆ ಸರಕಾರದಿಂದ 20,000 ಪೌಂಡ್ ತೂಕದ ಆಹಾರ ಬಂತು, ಆ ಹೊತ್ತಿಗೆ ಥಾಂಪ್ಸನ್ ಕುಟುಂಬ ಮುಂದಿನ ಊರಿಗೆ ಹೋಗಿತ್ತು. ಚಿತ್ರದಿಂದ ಅವರಿಗೆ ಕಾಸೂ ಬರಲಿಲ್ಲ. ಲ್ಯಾಂಗ್‌ಗೂ ಸಂಬಳವಷ್ಟೇ, ನೆಗೆಟಿವ್ ಸರಕಾರದ್ದು.

ಮೂರನೇ ಪುಟವನ್ನೇ ಮೊದಲು ತನ್ನಿ. ಬಾಲ್ಯಕ್ಕೆ ನಾಲ್ಕು ಸಾಲು ಸಾಕು. ಥಾಂಪ್ಸನ್ ಹೆಸರು ಮೊದಲ ಪ್ಯಾರಾದಲ್ಲೇ ಬರಲಿ. ಮುಂದಿನ ತಿಂಗಳ ಹತ್ತರೊಳಗೆ ಕಳಿಸಿದರೆ ಆ ಸಂಚಿಕೆಯಲ್ಲೇ ನೋಡುತ್ತೇನೆ.

ಸಂಪಾದಕ