ನಮ್ಮಲ್ಲಿ ಅಂಥವರು ಎಷ್ಟು ಜನ ಇದಾರೆ?

ಸೋಮವಾರಪೇಟೆಯಿಂದ ಬರೆದಿರೋ ಓದುಗರೇ, ನಮಸ್ಕಾರ. ಟ್ರಾನ್ಸ್‌ಜೆಂಡರ್ ಸಮುದಾಯದವರು ಸಮಾನ ಹಕ್ಕಿಗಾಗಿ ಶಾಸಕರ ಹತ್ರ ಹೋಗಿ ಮಾತಾಡಬೇಕು ಅಂತ ಹೋದ ಸಂಚಿಕೇಲಿ ಬರೆದಿದ್ದಕ್ಕೆ ನಿಮಗೆ ಬೇಜಾರಾಗಿದೆ. ಕೊಡಗಲ್ಲಿ ಅಂಥವರು ಎಷ್ಟು ಜನ ಇದಾರೆ, ಆನೆ ಕಾಟ, ಕಾಫಿ ರೇಟು, ಮಳೆಗೆ ಕುಸಿಯೋ ರಸ್ತೆ ಬಿಟ್ಟು ಶಾಸಕರು ಇದನ್ನ ಯಾಕೆ ಕೇಳಬೇಕು ಅಂತ ಕೇಳಿದೀರಿ.

2011ರ ಜನಗಣತೀಲಿ ಇಡೀ ಕರ್ನಾಟಕದಲ್ಲಿ ಗಂಡು, ಹೆಣ್ಣು ಅಲ್ಲದೆ ‘ಇತರೆ’ ಅಂತ ಲೆಕ್ಕಕ್ಕೆ ಸಿಕ್ಕಿದ್ದು 20,266 ಜನ. ಮನೆಯವರ ಎದುರಿಗೆ ಹಾಗೆ ಬರೆಸೋ ಧೈರ್ಯ ಎಷ್ಟು ಜನಕ್ಕೆ ಇರುತ್ತೆ ಹೇಳಿ. ತೋಟದ ಕೂಲಿಯವರ ಲೈನ್ ಮನೇಲಿ ಹುಟ್ಟಲಿ, ದೊಡ್ಡ ತೋಟದ ಮನೇಲೇ ಹುಟ್ಟಲಿ, ವಿಷಯ ಗೊತ್ತಾದ ಮೇಲೆ ಮೈಸೂರೋ ಬೆಂಗಳೂರೋ ಬಸ್ ಹತ್ತಬೇಕಾಗಿ ಬಂದ್ರೆ ಇಲ್ಲಿ ಯಾರು ಕಣ್ಣಿಗೆ ಬೀಳ್ತಾರೆ?

ಇನ್ನೊಂದು ಮಾತು. ಜನಸಂಖ್ಯೇಲಿ ರಾಜ್ಯದಲ್ಲೇ ಚಿಕ್ಕ ಜಿಲ್ಲೆ ನಮ್ಮದು, 224 ಶಾಸಕರಲ್ಲಿ ನಮಗಿರೋದು ಇಬ್ಬರು, ತಲೆ ಎಣಿಸಿ ಕಿವಿ ಕೊಡೋದಾದ್ರೆ ಕೊಡಗಿನ ಆನೆ ಕಾಟವನ್ನೂ ವಿಧಾನಸೌಧದಲ್ಲಿ ಯಾರೂ ಕೇಳಲ್ಲ.

ಬಾಯಿ ಬಿಟ್ಟು ಕೇಳಿದ್ದಕ್ಕೆ ಏನಾಯ್ತು ನೋಡಿ. ಲಿಂಗ ಯಾವುದು ಅಂತ ಹೇಳೋ ಹಕ್ಕು ಅವರವರದ್ದೇ ಅಂತ 2014ರಲ್ಲೇ ಸುಪ್ರೀಂ ಕೋರ್ಟ್ ಹೇಳಿತ್ತು. ಆದ್ರೂ ಕೇಂದ್ರ ಸರ್ಕಾರ ತಂದ 2016ರ ಟ್ರಾನ್ಸ್‌ಜೆಂಡರ್ ಹಕ್ಕುಗಳ ಮಸೂದೇಲಿ ಡಾಕ್ಟರು, ಅಧಿಕಾರಿಗಳಿರೋ ಸ್ಕ್ರೀನಿಂಗ್ ಕಮಿಟಿ ಮುಂದೆ ನಿಲ್ಲಬೇಕು, ಅವರು ಒಪ್ಪಿದ್ರೆ ಮಾತ್ರ ಸರ್ಟಿಫಿಕೇಟ್ ಅಂತಿತ್ತು. ಎಂಥ ಅವಮಾನ ಅದು! ಸಮುದಾಯದವರು ಊರೂರಲ್ಲಿ ಬೀದಿಗಿಳಿದ್ರು, ಸಂಸತ್ತಿನ ಸ್ಥಾಯಿ ಸಮಿತಿ ಮುಂದೆನೂ ಹೋಗಿ ಹೇಳಿದ್ರು, 2019ರಲ್ಲಿ ಕಾಯ್ದೆ ಪಾಸಾಗೋ ಹೊತ್ತಿಗೆ ಆ ಕಮಿಟಿ ಹೋಗಿತ್ತು. ನಮ್ಮ ರಾಜ್ಯದ್ದೇ ತಗೊಳ್ಳಿ, ಪೊಲೀಸ್ ನೇಮಕಾತೀಲಿ ಗಂಡು, ಹೆಣ್ಣು ಬಿಟ್ರೆ ಬೇರೆಯವರಿಗೆ ಅರ್ಜಿ ಹಾಕೋಕೇ ಜಾಗ ಇರಲಿಲ್ಲ, ಈ ಸಮುದಾಯದ ಹಕ್ಕಿಗಾಗಿ ಕೆಲಸ ಮಾಡೋ ಸಂಗಮ ಸಂಸ್ಥೆಯವರು ಹೈಕೋರ್ಟಿಗೆ ಹೋದ್ರು, 2021ರಲ್ಲಿ ಸರ್ಕಾರಿ ಕೆಲಸದಲ್ಲಿ ಶೇ. 1 ಮೀಸಲಾತಿ ಬಂತು, ಅದೂ ದೇಶದಲ್ಲೇ ಮೊದಲು.

ಎಲ್ಲಾ ಸರಿ ಹೋಯ್ತು ಅಂತ ಅಲ್ಲ. ಅದೇ 2019ರ ಕಾಯ್ದೇಲಿ ಟ್ರಾನ್ಸ್‌ಜೆಂಡರ್ ವ್ಯಕ್ತಿ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದವನಿಗೆ ಆರು ತಿಂಗಳಿಂದ ಎರಡು ವರ್ಷ ಜೈಲು ಅಂತ ಬರೆದ್ರು, ಹೆಣ್ಣಿನ ಮೇಲೆ ಅತ್ಯಾಚಾರ ಮಾಡಿದ್ರೆ ಕನಿಷ್ಠ ಹತ್ತು ವರ್ಷ. ಒಬ್ಬರ ನೋವು ಇನ್ನೊಬ್ಬರದ್ದಕ್ಕಿಂತ ಅಗ್ಗನಾ? ಇದನ್ನ ಓದಿದಾಗೆಲ್ಲ ನನಗೆ ಹೊಟ್ಟೆ ಉರಿಯುತ್ತೆ. ಇದನ್ನ ಶಾಸಕರಿಗೆ, ಸಂಸದರಿಗೆ ಅವರು ಹೇಳದೆ ಇನ್ಯಾರು ಹೇಳಬೇಕು?

ಆನೆ ವಿಷಯ ಬಿಡಲ್ಲ, ಮುಂದಿನ ಸಂಚಿಕೇಲೂ ಇರುತ್ತೆ. ಜೊತೆಗೆ ಕೊಡಗಿನ ಟ್ರಾನ್ಸ್‌ಜೆಂಡರ್ ಓದುಗರು ಯಾರಾದ್ರೂ ತಮ್ಮ ಶಾಸಕರಿಗೆ ಪತ್ರ ಬರೆದು ನಮಗೂ ಕಳಿಸಿದ್ರೆ, ಹೆಸರು ಬೇಡ ಅಂದ್ರೆ ಹೆಸರು ಹಾಕದೇನೇ, ಪೂರ್ತಿ ಪ್ರಕಟಿಸ್ತೀವಿ.