ಅಲ್ಲಿತನಕ ಏನ್ ಮಾಡ್ಲಿ?

ಗಂಗಾವತಿಯ ಯುವ ಉಪನ್ಯಾಸಕರೊಬ್ಬರ ಪತ್ರ ಖಾರವಾಗಿದೆ. ಕೊಪ್ಪಳದ ಗವಿಮಠದ ಜಾತ್ರೆಗೆ ನಾವು ನಾಲ್ಕು ಪುಟ ಕೊಟ್ಟಿದ್ದು ಅವರಿಗೆ ಸಿಟ್ಟು ತರಿಸಿದೆ. 'ತತ್ವಶಾಸ್ತ್ರ ದೇವರ ಲೆಕ್ಕ ಚುಕ್ತಾ ಮಾಡಿ ನೂರು ವರ್ಷವಾಯಿತು. ನೀವಿನ್ನೂ ತೇರು ಎಳೆಯುತ್ತಿದ್ದೀರಿ' ಎನ್ನುತ್ತಾರೆ.

ಸಂಪಾದಕರ ಉತ್ತರ: ನಿಮ್ಮ ಸಿಟ್ಟು ನನಗೆ ಹಿಡಿಸಿತು ಸರ್. ಪವಾಡಗಳನ್ನು ಪರೀಕ್ಷಿಸಲು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಸಮಿತಿ ಮಾಡಿದ್ದು ದೊಡ್ಡ ಕೆಲಸ. ಅದಕ್ಕೆ ನನ್ನದೂ ಒಂದು ನಮಸ್ಕಾರ.

ಆದರೆ ಲೆಕ್ಕ ಚುಕ್ತಾ ಆಯ್ತು ಅಂತ ಯಾರು ಹೇಳಿದರು? ದೇವರಿದ್ದಾನೆ ಅನ್ನೋ ವಾದಗಳನ್ನು ಜರ್ಮನ್ ತತ್ವಜ್ಞಾನಿ ಕಾಂಟ್ 1781ರ 'ಕ್ರಿಟಿಕ್ ಆಫ್ ಪ್ಯೂರ್ ರೀಸನ್' ಪುಸ್ತಕದಲ್ಲಿ ಒಂದೊಂದಾಗಿ ಬಿಚ್ಚಿ ಹಾಕಿದ. ಅದೇ ಪುಸ್ತಕದ ಕೊನೆಯ ಭಾಗದಲ್ಲಿ ಮೂರು ಪ್ರಶ್ನೆ ಇಟ್ಟ. ಏನು ತಿಳಿಯಬಲ್ಲೆ? ಏನು ಮಾಡಬೇಕು? ಏನನ್ನು ಆಶಿಸಬಹುದು? ನೀವು ಎರಡಕ್ಕೇ ಪುಸ್ತಕ ಮುಚ್ಚಿದ ಹಾಗಿದೆ. ದೇವರನ್ನು ಒಪ್ಪದ ಜರ್ಮನ್ ಮಾರ್ಕ್ಸ್‌ವಾದಿ ಚಿಂತಕ ಅರ್ನ್ಸ್ಟ್ ಬ್ಲಾಖ್ ಆ ಮೂರನೆಯದರ ಬೆನ್ನು ಹತ್ತಿ, ಭರವಸೆ ಮೇಲೇ ಮೂರು ಸಂಪುಟ ಬರೆದ.

ಇನ್ನು 1991ರಲ್ಲಿ ಜ್ಯೂರಿಕ್‌ನಲ್ಲಿ ಲೇಖಕ ಮ್ಯಾಕ್ಸ್ ಫ್ರಿಶ್ ಸತ್ತಾಗ ನಡೆದದ್ದು. ದೇವರ ಗೊಡವೆ ಇಲ್ಲದ ಮನುಷ್ಯ, ವಿದಾಯ ಮಾತ್ರ ಚರ್ಚಿನಲ್ಲಿ. ಪಾದ್ರಿ ಇಲ್ಲ, ಆಶೀರ್ವಾದ ಇಲ್ಲ. ಅಲ್ಲಿದ್ದ ಜರ್ಮನ್ ತತ್ವಜ್ಞಾನಿ ಹಾಬರ್ಮಾಸ್ ಕೂಡ ಭಕ್ತರಲ್ಲ. ಆದರೂ ಆ ದಿನ ಅವರನ್ನು ಬಿಡಲಿಲ್ಲ. ಸಾವಿನ ಮುಂದೆ ನಿಲ್ಲಲು ಬುದ್ಧಿಗೆ ತನ್ನದೇ ಆದ ವಿಧಿ ಇನ್ನೂ ಸಿಕ್ಕಿಲ್ಲ ಅಂತ ಎಷ್ಟೋ ವರ್ಷದ ಮೇಲೆ ಬರೆದರು.

ಜ್ಯೂರಿಕ್ ದೂರ ಅಂತೀರಾ? 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋದ ವಾರ ನಾನು ಮುನಿರಾಬಾದ್ ಕಡೆ ಹೋಗಿದ್ದೆ. ಅಲ್ಲೇ ಹುಲಿಗಿಯ ದೇವತೆ ಹುಲಿಗೆಮ್ಮನಿಗೆ ಕಾಯಿ ಒಡೆಸಿಕೊಂಡು ಬಂದ ಕಾರಟಗಿಯ ರೈತನೊಬ್ಬ ಹೊಳೆ ನೋಡುತ್ತಾ ನಿಂತಿದ್ದ. ಕೈಯಲ್ಲಿ ಅರ್ಧ ಹೋಳು, ಮೇಲೆ ಮೆತ್ತಿದ ಕುಂಕುಮ. ನಾಟಿ ಮುಗಿಸಿ ಬಂದಿದ್ದನಂತೆ. 'ಅಮ್ಮ ಗೇಟು ಕೂಡಿಸ್ತಾಳೇನು ಯಜಮಾನ್ರೆ?' ಅಂತ ಸುಮ್ನೆ ಕೆಣಕಿದೆ. 'ಗೇಟು ಇಂಜಿನಿಯರ್ ಕೂಡಿಸ್ತಾರ್ರೀ. ಅಲ್ಲಿತನಕ ನಾ ಏನ್ ಮಾಡ್ಲಿ?' ಅಂದ.

ಕೇಳೋಕೆ ಎರಡನೇ ಪ್ರಶ್ನೆ ಥರ ಇದ್ದರೂ, ಒಳಗಿದ್ದದ್ದು ಕಾಂಟ್‌ನ ಮೂರನೆಯದೇ ಅಲ್ವಾ, ಏನನ್ನು ಆಶಿಸಬಹುದು ಅನ್ನೋದು? ಆ ರೈತನನ್ನು ಮೂಢ ಅನ್ನೋಕೆ ನನಗಂತೂ ಬಾಯಿ ಬರಲಿಲ್ಲ.

ನಿಮ್ಮದೂ ತಪ್ಪಲ್ಲ ಬಿಡಿ. ಇದನ್ನೆಲ್ಲ ಕಲಿಸೋರು ಎಲ್ಲಿದ್ದಾರೆ? ನಾನು ಓದಿದ ಕಾಲೇಜಿನಲ್ಲಿ ತತ್ವಶಾಸ್ತ್ರ ವಿಭಾಗ ಮುಚ್ಚಿ, ಆ ಕೋಣೆಗೆ ಮುರಿದ ಬೆಂಚು ತುಂಬಿದ್ದಾರೆ. ಆಸ್ತಿಕರಿಗೆ ಟಿವಿ ಜ್ಯೋತಿಷಿ, ನಾಸ್ತಿಕರಿಗೆ ಮೊಬೈಲ್ ಭಾಷಣ. ಇಬ್ಬರಿಗೂ ಓದೋದು ಬೇಡ.

ನಾಲ್ಕು ಪುಟ ನಿಮಗೂ ಇಟ್ಟಿದ್ದೇನೆ, ಬರೆಯಿರಿ. ಅದಕ್ಕೂ ಮೊದಲು ಒಂದು ಹುಣ್ಣಿಮೆ ದಿನ ಹುಲಿಗಿ ಬಸ್ ಹತ್ತಿ ಬನ್ನಿ. ಸೀಟು ಮಾತ್ರ ಸಿಗೋದಿಲ್ಲ.