ಕುರ್ಚಿ ತಪ್ಪಿದವನ ಮಾತು

ಪತ್ರ: ಅಮೆರಿಕದ ಅಧ್ಯಕ್ಷ ನಿಕ್ಸನ್ ಬಳಗದವರು ವಿರೋಧ ಪಕ್ಷದ ಕಚೇರಿಗೆ ಕನ್ನ ಹಾಕಿಸಿದ ವಾಟರ್‌ಗೇಟ್ ಹಗರಣದ ಗುಟ್ಟುಗಳನ್ನು ಪತ್ರಕರ್ತರಿಗೆ ತಿಳಿಸಿದ, ಅಲ್ಲಿನ ತನಿಖಾ ಸಂಸ್ಥೆ ಎಫ್‌ಬಿಐನ ಅಧಿಕಾರಿ ಮಾರ್ಕ್ ಫೆಲ್ಟ್ ಅವರನ್ನು ನಿಮ್ಮ ಲೇಖನ ಹೊಗಳಿದೆ. ಮುಖ್ಯಸ್ಥನ ಹುದ್ದೆ ಕೈತಪ್ಪಿದ ಹೊಟ್ಟೆಯುರಿಯಿಂದ ಮಾತಾಡಿದವರಿಗೆ ಈ ಗೌರವವೇಕೆ? ಇಂಥವರಿಗೆ ಕಾನೂನಿನ ರಕ್ಷಣೆಯಾದರೂ ಏಕೆ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಹೊಟ್ಟೆಯುರಿಯ ವಿಷಯದಲ್ಲಿ ನಿಮ್ಮೊಡನೆ ನನಗೆ ತಕರಾರಿಲ್ಲ. 1972ರ ಮೇ 2ರಂದು ಎಫ್‌ಬಿಐ ಮುಖ್ಯಸ್ಥ ಹೂವರ್ ತೀರಿಕೊಂಡಾಗ ಆ ಕುರ್ಚಿಯ ಮೇಲೆ ಫೆಲ್ಟ್ ಅವರಿಗೆ ಕಣ್ಣಿತ್ತು. ಮರುದಿನವೇ ನಿಕ್ಸನ್ ಹೊರಗಿನವರಾದ ಪ್ಯಾಟ್ರಿಕ್ ಗ್ರೇ ಅವರನ್ನು ತಂದು ಕೂರಿಸಿದರು. ಆ ಗ್ರೇ ವಾಟರ್‌ಗೇಟ್ ತನಿಖೆಯ ವರದಿಗಳನ್ನು, ತನಿಖೆಗೆ ಒಳಗಾಗಬೇಕಿದ್ದ ಶ್ವೇತಭವನದ ಕೈಗೇ ಕೊಡುತ್ತಿದ್ದರು. ಹುದ್ದೆ ಸಿಗದ ಸಿಟ್ಟು, ತನ್ನ ಇಲಾಖೆಯ ತನಿಖೆ ಹಾಳಾಗುತ್ತಿರುವ ಸಿಟ್ಟು ಎರಡೂ ಒಬ್ಬನೇ ಮನುಷ್ಯನೊಳಗೆ ಇರಬಾರದೆಂದೇನಿಲ್ಲ.

ಈ ವಾದವನ್ನು ಮೊದಲು ಆರಂಭಿಸಿದವರು ನೀವಲ್ಲ, ನಿಕ್ಸನ್ ಬಳಗ. ನಿಕ್ಸನ್ ಅವರ ಮಾತುಕತೆಯ 1972ರ ಅಕ್ಟೋಬರ್ 19ರ ಧ್ವನಿಮುದ್ರಣ ಇಂದಿಗೂ ಕೇಳಸಿಗುತ್ತದೆ. ಮಾಹಿತಿ ಸೋರುತ್ತಿರುವುದು ಫೆಲ್ಟ್ ಅವರಿಂದ ಎಂದು ನಿಕ್ಸನ್ ಸಿಬ್ಬಂದಿಯ ಮುಖ್ಯಸ್ಥ ಹಾಲ್ಡ್‌ಮನ್ ಹೇಳುತ್ತಾರೆ. ಅವನೇಕೆ ಹೀಗೆ ಮಾಡುತ್ತಾನೆ ಎಂದು ನಿಕ್ಸನ್ ಕೇಳುತ್ತಾರೆ. ಮೇಲಿನ ಹುದ್ದೆಯ ಆಸೆ ಇರಬೇಕು ಎಂಬ ಉತ್ತರ ಬರುತ್ತದೆ. ಆದರೆ ಅವನ ಮೇಲೆ ಕ್ರಮಕ್ಕೆ ಹೋದರೆ ಅವನು ಎಲ್ಲವನ್ನೂ ಹೊರಗೆ ಹಾಕಿಬಿಡುತ್ತಾನೆ ಎಂಬ ಭಯವೂ ಅದೇ ಸಂಭಾಷಣೆಯಲ್ಲಿದೆ. ಉದ್ದೇಶ ಕೆಟ್ಟದ್ದೆಂದು ಅವರಿಗೆ ಅನ್ನಿಸಿತ್ತು, ಸರಿ. ಹೊರಗೆ ಹಾಕುವುದಕ್ಕೆ ಇನ್ನೂ ಇದೆ ಎಂಬುದೂ ಗೊತ್ತಿತ್ತು!

ಹಾಗೆಂದು ಉದ್ದೇಶಕ್ಕೆ ಬೆಲೆಯೇ ಇಲ್ಲ ಎನ್ನಲಾರೆ. ಮಾಹಿತಿ ಕೊಡುವವನ ಸಿಟ್ಟು ಯಾರ ಮೇಲೆ ಎಂದು ತಿಳಿದರೆ, ಅವನು ಯಾವುದನ್ನು ಹೇಳದೆ ಬಿಟ್ಟಿದ್ದಾನೆ ಎಂದು ಹುಡುಕಲು ದಾರಿ ಸಿಗುತ್ತದೆ. ಬೇರೆಯವರ ಕನ್ನಗಳವನ್ನು ಬಯಲಿಗೆಳೆಯಲು ನೆರವಾದ ಫೆಲ್ಟ್, ಅದೇ ಕಾಲದಲ್ಲಿ ತಲೆಮರೆಸಿಕೊಂಡಿದ್ದ ತೀವ್ರಗಾಮಿಗಳ ಬಂಧುಮಿತ್ರರ ಮನೆಗಳಿಗೆ ವಾರಂಟ್ ಇಲ್ಲದೆ ನುಗ್ಗಲು ಅನುಮತಿ ಕೊಟ್ಟಿದ್ದರು. 1980ರಲ್ಲಿ ಅದಕ್ಕಾಗಿ ಅವರು ತಪ್ಪಿತಸ್ಥರೆಂದು ತೀರ್ಮಾನವಾಯಿತು. ಮರುವರ್ಷ ಆಗಿನ ಅಧ್ಯಕ್ಷ ರೇಗನ್ ಕ್ಷಮಾದಾನ ಕೊಟ್ಟರು. ಆ ವಿಚಾರಣೆಯಲ್ಲಿ ಸಾಕ್ಷಿ ಹೇಳಲು ಬಂದು, ಅವರ ವಾದಕ್ಕೆ ಬಲ ಕೊಟ್ಟವರು ಸ್ವತಃ ನಿಕ್ಸನ್. ಫೆಲ್ಟ್ ಅವರಿಗೆ ಹಾರ ಹಾಕಲು ನನಗೂ ಮನಸ್ಸಿಲ್ಲ. ಲೇಖನದ ಹೊಗಳಿಕೆ ಕೊಂಚ ಅತಿಯಾಯಿತು ಎಂದರೆ ಒಪ್ಪುತ್ತೇನೆ, ಅವರು ತಿಳಿಸಿದ್ದು ಅನುಮಾನಾಸ್ಪದ ಎಂದರೆ ಒಪ್ಪುವುದಿಲ್ಲ.

ಇನ್ನು ಕಾನೂನು. ಮನಸ್ಸು ಶುದ್ಧವಿದ್ದವರಿಗೆ ಮಾತ್ರ ರಕ್ಷಣೆ ಎಂದರೆ, ಮೊದಲು ದೂರುದಾರನ ವಿಚಾರಣೆಯೇ ನಡೆಯುತ್ತದೆ. ಹಣ ನುಂಗಿದವನು ಪಕ್ಕದ ಕೋಣೆಯಲ್ಲಿ ಕಾಫಿ ಕುಡಿಯುತ್ತಿರುತ್ತಾನೆ. ಬ್ರಿಟನ್ 2013ರಲ್ಲಿ ಈ ಷರತ್ತನ್ನು ಕೈಬಿಟ್ಟಿತು. ಈಗ ಅಲ್ಲಿ ದುರುದ್ದೇಶ ಕಂಡುಬಂದರೆ ಪರಿಹಾರದ ಮೊತ್ತದಲ್ಲಿ ಶೇ. 25ರವರೆಗೆ ಕಡಿತವಾಗಬಹುದು, ಅಷ್ಟೇ. ಅಕ್ರಮ ಬಯಲಿಗೆಳೆಯುವವರನ್ನು ರಕ್ಷಿಸುವ ನಮ್ಮ 2014ರ ಕಾಯ್ದೆಯಲ್ಲಿ ಸದುದ್ದೇಶದ ಷರತ್ತು ಉಳಿದುಕೊಂಡಿದೆ. ಸಂಸತ್ತು ಅಂಗೀಕರಿಸಿದ ಆ ಕಾಯ್ದೆಯನ್ನು ಸರ್ಕಾರ ಇನ್ನೂ ಜಾರಿಗೆ ತಂದಿಲ್ಲ. ಹಾಗಾಗಿ ಷರತ್ತು ಬೇಕೇ ಬೇಡವೇ ಎಂದು ವಾದಿಸಲು ನಿಮಗೂ ನನಗೂ ಧಾರಾಳವಾಗಿ ಸಮಯವಿದೆ.
– ಸಂಪಾದಕ